ದಕ್ಕೆಯ ಕಂಬಿಯ ಕೆಂಪು ಕೈಗವಸು

"ಹುಟ್ಟಿದಾಗಿಂದ ಇದೇ ಊರಲ್ಲಿ ಇದ್ದೀಯ, ಒಂದ್ಸಲಾನೂ ಇದನ್ನ ಹತ್ತಿಲ್ವಾ?" ಎಂದು ಲೆನ್ನಿ ಟಿಕೆಟ್ ಕಿಟಕಿಯ ಮುಂದೆಯೇ ಅಕ್ಕನನ್ನು ತರಾಟೆಗೆ ತೆಗೆದುಕೊಂಡ.

"ನಾನ್ಯಾಕೆ ಹತ್ತಲಿ? ತಮ್ಮ ಮನೆ ಅಡುಗೆಮನೇನ ಟಿಕೆಟ್ ತಗೊಂಡು ನೋಡೋರು ಇದ್ದಾರಾ?" ಎಂದಳು ಬರ್ನಡೀನ್.

ಸರೋವರದ ದಡದ ನಮ್ಮ ಈರಿ ಊರಿನವರದ್ದು ಇದೊಂದು ಹಠ. ಬೇರೆ ಊರಿನ ಜನ ಬಂದು ದೀಪಸ್ತಂಭ ಹತ್ತುತ್ತಾರೆ, ಹಳೆಯ ಯುದ್ಧನೌಕೆಯ ಹಗ್ಗ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಶ್ರೀಮಂತರ ಬೀದಿಯ ಇಟ್ಟಿಗೆ ಬಂಗಲೆಗಳ ಮುಂದೆ ಬಾಯಿ ಬಿಟ್ಟು ನಿಲ್ಲುತ್ತಾರೆ. ಊರಿನವರು ಅತ್ತ ತಲೆ ಹಾಕುವುದಿಲ್ಲ. ನೆಂಟರು ಬಂದರೆ ಮಾತ್ರ ಹೊರಡುವುದು, ಅದೂ ಮುಖ ಗಂಟು ಹಾಕಿಕೊಂಡು. ಬರ್ನಡೀನಳ ಮನೆಗೆ ನೆಂಟರು ಬರುವುದೇ ಅಪರೂಪ. ತಮ್ಮ ಲೆನ್ನಿ ಅರಿಜೋನಾದಿಂದ ಎಷ್ಟೋ ವರ್ಷದ ಮೇಲೆ ಬಂದಿದ್ದ. ಅಕ್ಟೋಬರಿನ ಬಿಸಿಲು ಇರುವಷ್ಟರಲ್ಲಿ ಎಲ್ಲ ನೋಡಿಬಿಡಬೇಕು ಎಂದು ಪಟ್ಟು ಹಿಡಿದಿದ್ದ.

ಇದಕ್ಕೆ ಟ್ರಾಲಿ ಎಂದು ಹೆಸರು. ಅಸಲಿಗೆ ಬಸ್ಸೇ, ಮರದ ಬೆಂಚು ಹಾಕಿಸಿ, ಹಿತ್ತಾಳೆಯ ಗಂಟೆ ಕಟ್ಟಿ ಹಳೆಯ ಕಾಲದ ವೇಷ ತೊಡಿಸಿದ್ದಾರೆ. ವಾರದಲ್ಲಿ ನಾಲ್ಕು ದಿನ ಅದರಲ್ಲಿ ಮೈಕು ಹಿಡಿದು ಊರು ತೋರಿಸುವವಳು ಮರ್ಲೀನ್, ಬರ್ನಡೀನಳ ಜೀವದ ಗೆಳತಿ. ಆಟಿಕೆ ಕಾರ್ಖಾನೆಯ ಬೆಲ್ಟಿನ ಆಚೆಗೊಬ್ಬಳು ಈಚೆಗೊಬ್ಬಳು ನಿಂತು, ಪ್ಲಾಸ್ಟಿಕ್ ಲಾರಿಗಳಿಗೆ ಚಕ್ರ ಸಿಕ್ಕಿಸುತ್ತ ಇಬ್ಬರೂ ಕೂದಲು ನರೆಸಿಕೊಂಡವರು. ಕಾರ್ಖಾನೆ ಮುಚ್ಚಿದ ಮೇಲೆ ಮಾತುಗಾತಿ ಮರ್ಲೀನ್ ಟ್ರಾಲಿ ಸೇರಿದಳು. ಗೆಳತಿಯ ಆಟ ಒಂದು ದಿನ ನೋಡಬೇಕು ಎಂದು ಬರ್ನಡೀನಳಿಗೂ ಆಸೆ ಇತ್ತು. ಹೇಳಿದಾಗಲೆಲ್ಲ ಮರ್ಲೀನ್ ಕೈ ಝಾಡಿಸುತ್ತಿದ್ದಳು. "ಏನಿದೆ ಮಣ್ಣು ಅದರಲ್ಲಿ, ನಿಂಗೊತ್ತಿಲ್ದೆ ಇರೋದು? ನೀನು ಎದುರಿಗೆ ಕೂತ್ರೆ ನಂಗೆ ನಗು ಬಂದು ಕೆಲ್ಸ ಕೆಡುತ್ತೆ ಕಣೇ."

ಇವತ್ತು ಮಂಗಳವಾರ, ಮರ್ಲೀನಳಿಗೆ ರಜೆ. ಮೈಕು ಹಿಡಿದಿದ್ದವನು ಡ್ವೇನ್ ಎಂಬ ನಿವೃತ್ತ ಅಂಚೆಯಣ್ಣ. ತಲೆಯ ಮೇಲೆ ಹಡಗಿನ ಕಪ್ತಾನನ ಟೋಪಿ, ಬಾಯಿ ತುಂಬ ಹಳೆಯ ಜೋಕು. "ಎಡಗಡೆ ನೋಡಿ, ಈ ಬಂಗ್ಲೆ ಯಜಮಾನ್ರಿಗೆ ಏಳು ಹೆಣ್ಣುಮಕ್ಳು, ಬಚ್ಚಲುಮನೆ ಒಂದೇ. ಪಾಪ, ಬೇಗ ಸತ್ರು!" ಎನ್ನುತ್ತಿದ್ದ. ಲೆನ್ನಿ ಬೆಂಚು ತಟ್ಟಿ ನಗುತ್ತಿದ್ದ. ಅವನು ನಗುವುದನ್ನು ನೋಡಿ ಬರ್ನಡೀನಳಿಗೂ ಖುಷಿಯಾಯಿತು. ಹೆಂಡತಿ ಬಿಟ್ಟುಹೋದ ಮೇಲೆ ಫೋನಿನಲ್ಲಿ ಅವನ ದನಿ ಒಣಗಿದಂತೆ ಕೇಳುತ್ತಿತ್ತು. ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡಳು.

ಟ್ರಾಲಿ ಸರೋವರದ ಕಡೆ ಇಳಿಯುವಾಗ ಒಂದು ಬೆತ್ತದ ಬುಟ್ಟಿ ಬೆಂಚಿನಿಂದ ಬೆಂಚಿಗೆ ದಾಟುತ್ತ ಬಂತು. "ಒಬ್ಬರಿಗೆ ಒಂದೇ! ಈಗ ಹಾಕ್ಕೋಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ," ಎಂದು ಡ್ವೇನ್ ಕೂಗಿದ. ಬುಟ್ಟಿಯ ತುಂಬ ಕೆಂಪು ಉಣ್ಣೆಯ ಕೈಗವಸುಗಳು. ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕಕ್ಕೆ ಸೇರಿಸಿ ಒಂದು. ಲೆನ್ನಿ ತನಗೊಂದು ತೆಗೆದುಕೊಂಡು ಅಕ್ಕನ ತೊಡೆಯ ಮೇಲೊಂದು ಹಾಕಿದ.

ಬರ್ನಡೀನ್ ಅದನ್ನು ತಿರುಗಿಸಿ ನೋಡಿದಳು. ಮಣಿಕಟ್ಟಿನ ಹತ್ತಿರ ಸುತ್ತಲೂ ಒಂದೇ ಒಂದು ಬಿಳಿ ಸಾಲು. ಕಳೆದುಹೋದರೆ ಗುರುತು ಸಿಗಲಿ ಎಂದು ಅವಳ ಅಮ್ಮ ಹಾಕುತ್ತಿದ್ದ ಸಾಲು ಅದು. ಈಗ ಅದನ್ನು ಹಾಕುವವಳು ಬರ್ನಡೀನ್ ಒಬ್ಬಳೇ. ಈ ಕೈಗವಸು ಅವಳೇ ಹೆಣೆದದ್ದು.

ಪ್ರತಿವರ್ಷ ಚಳಿಗೆ ಮುಂಚೆ ಮರ್ಲೀನ್ ಚೀಲ ತುಂಬ ಕೆಂಪು ಉಣ್ಣೆ ತಂದು ಕೊಡುತ್ತಿದ್ದಳು. ರೈಲುಹಳಿಯಾಚೆಯ ಶಾಲೆಯ ಮಕ್ಕಳಿಗೆ ಬೇಕು, ಪಾಪ, ಬರಿಗೈಯಲ್ಲಿ ಬರುತ್ತವೆ ಎನ್ನುತ್ತಿದ್ದಳು. ಮರ್ಲೀನಳಿಗೆ ಹೆಣಿಗೆಯ ಕಡ್ಡಿ ಹಿಡಿಯಲು ಬಾರದು. ಅವಳು ಎರಡೂ ಕೈ ಮುಂದೆ ಚಾಚಿ ನೂಲಿನ ಲಡಿ ಹಿಡಿದು ಕೂರುವುದು, ಬರ್ನಡೀನ್ ಉಂಡೆ ಸುತ್ತುವುದು, ಊರ ಸುದ್ದಿಯೆಲ್ಲ ಆಗ. ದೊಡ್ಡ ಕೈಗೂ ಒಂದಿಷ್ಟು ಹೆಣಿ, ಆ ಶಾಲೆಯಲ್ಲಿ ದೊಡ್ಡ ಹುಡುಗರೂ ಇದ್ದಾರೆ ಎಂದು ಎರಡನೆಯ ವರ್ಷ ಹೇಳಿದ್ದಳು. ಒಂದು ಹುಡುಗಿಯಂತೂ ಕೈಗವಸು ಬಿಚ್ಚುವುದೇ ಇಲ್ಲವಂತೆ, ಹಾಕಿಕೊಂಡೇ ಮಲಗುತ್ತಾಳಂತೆ ಎಂದೂ ಹೇಳಿದ್ದಳು. ಆ ಹುಡುಗಿಯನ್ನು ನೆನೆಸಿಕೊಂಡೇ ಬರ್ನಡೀನ್ ನೋಯುವ ಗೆಣ್ಣುಗಳನ್ನು ಬಿಸಿನೀರಲ್ಲಿ ಅದ್ದಿ ಮತ್ತೆ ಕಡ್ಡಿ ಹಿಡಿಯುತ್ತಿದ್ದಳು.

ಮಿಕ್ಕಿದ್ದನ್ನು ಟ್ರಾಲಿಗೆ ಕೊಟ್ಟಿರಬೇಕು, ಹೇಳಲು ಮರೆತಿರಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು. ಅಷ್ಟರಲ್ಲಿ ಟ್ರಾಲಿ, ಹಿಂದೆ ಹಡಗುಗಳಿಗೆ ಕಲ್ಲಿದ್ದಲು ತುಂಬುತ್ತಿದ್ದ ಹಳೆಯ ದಕ್ಕೆಯ ಮುಂದೆ, ನೀರಿನಂಚಿನ ಕಬ್ಬಿಣದ ಕಂಬಿಯ ಹತ್ತಿರ ನಿಂತಿತು. ಡ್ವೇನ್ ಟೋಪಿ ತೆಗೆದು ಎದೆಗೆ ಹಿಡಿದ.

"ಈಗ ನಮ್ಮೂರಿನ ಅತಿ ದೊಡ್ಡ ಪ್ರೇಮಕಥೆ. ಇದನ್ನ ನಮ್ಗೆ ಕೊಟ್ಟೋಳು ನಮ್ಮ ಮರ್ಲೀನ್, ಅವಳ ಅಜ್ಜಿ ಬಾಯಿಂದ ಕೇಳಿದ್ದು. ಆ ಕಾಲದಲ್ಲಿ ಇಲ್ಲೊಬ್ಳು ಹೆಂಗಸು ಇದ್ಳು. ಇಬ್ರು ಮಕ್ಳ ತಾಯಿ. ಗಂಡ ಎರಕದ ಕಾರ್ಖಾನೇಲಿ ಬೆವರು ಸುರಿಸ್ತಿದ್ರೆ, ಇವಳ ಕಣ್ಣು ಆಚೆ ದಡದ ಕೆನಡಾದ ನಾವಿಕನ ಮೇಲೆ. ಚಳಿಗಾಲ ಬಂತು, ಹಡಗು ನಿಂತ್ವು, ನೀರು ಹೆಪ್ಪುಗಟ್ಟಿತು. ಒಂದಿನ ಅವನು ಹಿಮದ ಮೇಲಿಂದ ಲಾಂದ್ರ ಬೀಸಿದ. ಇವಳು ಏನು ಮಾಡಿದ್ಳು ಗೊತ್ತಾ? ಕೆಂಪು ಕೈಗವಸು ಬಿಚ್ಚಿ ಈ ಕಂಬಿಗೆ ಕಟ್ಟಿದ್ಳು. ಮಗಳು ಇಲ್ಲೇ ಪಕ್ಕದಲ್ಲಿ ನಿಂತಿದ್ಳಂತೆ. ಅವಳ ಕಡೆ ತಿರುಗಿ..." ಡ್ವೇನ್ ಇಲ್ಲಿ ಹದವಾಗಿ ನಿಲ್ಲಿಸಿದ. ನಿಲ್ಲಿಸಬೇಕಾದ ಜಾಗವನ್ನು ಯಾರೋ ಕಲಿಸಿಕೊಟ್ಟಿದ್ದರು. "ಅವಳ ಕಡೆ ತಿರುಗಿ, 'ಮನೆಗೆ ಹೋಗು, ಒಲೆ ಮೇಲೆ ಸೂಪ್ ಇದೆ, ಇಳಿಸು' ಅಂದ್ಲಂತೆ!"

ಇಡೀ ಟ್ರಾಲಿ ಗೊಳ್ಳೆಂದಿತು. ಲೆನ್ನಿಯೂ ನಕ್ಕ.

ಆ ಮಾತು ಬರ್ನಡೀನಳ ಅಮ್ಮನದು. ಬರ್ನಡೀನ್ ಆಗ ಒಂಬತ್ತರ ಹುಡುಗಿ, ಲೆನ್ನಿ ನಾಲ್ಕರ ಕೂಸು, ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಲಾಂದ್ರವೂ ಇರಲಿಲ್ಲ, ನಾವಿಕನೂ ಇರಲಿಲ್ಲ. ಜನವರಿಯ ಮಧ್ಯಾಹ್ನ, ಬೂದು ಬಣ್ಣದ ಆಕಾಶ. ಅಮ್ಮ ಕೈಗವಸು ಬಿಚ್ಚಿ ಕಂಬಿಗೆ ಕಟ್ಟಿ, ಈಗ ನಿನಗೆ ದೊಡ್ಡದಾಗುತ್ತೆ, ಬೆಳೆದ ಮೇಲೆ ಸರಿಹೋಗುತ್ತೆ ಅಂದಳು. ಒಲೆಯ ಮೇಲಿನ ಬಾರ್ಲಿ ಸೂಪಿನ ಮಾತು ಹೇಳಿದಳು. ಆಮೇಲೆ ಹಿಮದ ಮೇಲೆ ನಡೆದುಕೊಂಡು ಹೋದಳು, ನೀರು ಇನ್ನೂ ಗಟ್ಟಿಯಾಗಿರದ ಕಡೆಗೆ. ಅವಸರ ಮಾಡಲಿಲ್ಲ, ತಿರುಗಿ ನೋಡಲಿಲ್ಲ.

ಕೇಳಿದವರಿಗೆಲ್ಲ ಆ ಹುಡುಗಿ ಒಂದೇ ಮಾತು ಹೇಳಿದಳು: ಹಿಮದ ಮೇಲೆ ಮೀನು ಹಿಡಿಯುತ್ತಿದ್ದ ಅಪ್ಪನಿಗೆ ಅಮ್ಮ ಊಟ ಒಯ್ಯುತ್ತಿದ್ದಳು, ಹಿಮ ಒಡೆಯಿತು. ಹಾಗೆ ಯಾರು ಹೇಳಿಕೊಟ್ಟಿದ್ದರೋ, ಯಾರೂ ಹೇಳಿಕೊಟ್ಟಿರಲಿಲ್ಲವೋ. ಆ ಮಾತಿನಿಂದಲೇ ಪಾದ್ರಿಗಳು, ತಾವಾಗಿ ಪ್ರಾಣ ಕಳೆದುಕೊಂಡವರಿಗೆ ಆಗ ಮಾಡದಿದ್ದ ಪೂರ್ತಿ ಪೂಜೆಯನ್ನು ಅಮ್ಮನಿಗೆ ಮಾಡಿ, ಪೋಲಿಷ್ ಚರ್ಚಿನ ಸ್ಮಶಾನದಲ್ಲಿ ಅಜ್ಜ ಅಜ್ಜಿಯ ಪಕ್ಕ ಮಲಗಿಸಿದರು. ಅಪ್ಪ ಅದನ್ನೇ ನಂಬಿಕೊಂಡು ಸತ್ತ. ಲೆನ್ನಿ ಈಗಲೂ ಪಾಕೀಟಿನಲ್ಲಿ ಅಮ್ಮನ ಫೋಟೊ ಇಟ್ಟುಕೊಂಡು ತಿರುಗುತ್ತಾನೆ, ಊಟ ಒಯ್ಯಲು ಹೋಗಿ ಸತ್ತ ಅಮ್ಮ ಎಂದು.

ನಿಜವನ್ನು ಬರ್ನಡೀನ್ ಬದುಕಿನಲ್ಲಿ ಒಬ್ಬಳಿಗೇ ಹೇಳಿದ್ದಳು. ಮರ್ಲೀನಳ ಗಂಡ ರೇ ತೀರಿಕೊಂಡ ವರ್ಷ ಅವಳು ದಿನಾ ಸಂಜೆ ಇದೇ ದಕ್ಕೆಗೆ ಕಾರು ತಂದು ನಿಲ್ಲಿಸಿಕೊಂಡು ನೀರು ನೋಡುತ್ತ ಕೂರುತ್ತಿದ್ದಳು. ಯಾಕೆ ಕೂರುತ್ತಾಳೆಂದು ಬರ್ನಡೀನಳಿಗೆ ಅರ್ಥವಾಯಿತು. ಒಂದು ಸಂಜೆ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಎಲ್ಲ ಹೇಳಿದಳು. "ಹೋಗೋರು ಹೋಗ್ತಾರೆ ಮರ್ಲೀನ್. ದಡದಲ್ಲಿ ನಿಂತೋರು ಅಲ್ಲೇ ನಿಂತಿರ್ತಾರೆ. ನಂಗೆ ಇನ್ನೊಂದ್ಸಲ ನಿಲ್ಲೋಕಾಗಲ್ಲ," ಎಂದಳು. ಮರ್ಲೀನ್ ಅವಳ ಭುಜಕ್ಕೆ ತಲೆಯಿಟ್ಟು ಅತ್ತಳು, ಕಾರು ತಿರುಗಿಸಿ ಮನೆಗೆ ಹೋದಳು. ಈ ಮಾತು ಇಲ್ಲೇ ಇರಲಿ ಎಂದು ಬರ್ನಡೀನ್ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

"ಬನ್ನಿ, ಇಳೀರಿ," ಎಂದ ಡ್ವೇನ್. "ನಿಮ್ಮಿಂದ ದೂರ ಆದೋರನ್ನ ನೆನೆಸ್ಕೊಂಡು ಕಂಬಿಗೆ ಕಟ್ಟಿ. ಹಿಮ ಕರಗೋ ಹೊತ್ತಿಗೆ ವಾಪಸ್ ಬರ್ತಾರಂತೆ."

ಕಂಬಿಯುದ್ದಕ್ಕೂ ಕೆಂಪು. ಈಚೆಗೆ ಕಟ್ಟಿದವು ಇನ್ನೂ ರಕ್ತದ ಬಣ್ಣದವು, ಹಳೆಯವು ಬಿಸಿಲಿಗೆ ಬಿಳಿಚಿಕೊಂಡಿದ್ದವು, ಕೆಲವನ್ನು ಹಕ್ಕಿಗಳು ಗೂಡಿಗೆಂದು ಹಿಂಜಿ ಒಯ್ದಿದ್ದವು. ಎಲ್ಲವೂ ಒಂಟಿ. ಜೊತೆಗೂಡಿಸಿ, ದಾರದಿಂದ ಹೊಲಿದು ಕಳಿಸಿದ್ದನ್ನು ಒಡೆದು ಒಂದೊಂದೇ ಮಾಡಿದ್ದರು. ಎಲ್ಲದರ ಮಣಿಕಟ್ಟಿನಲ್ಲೂ ಬಿಳಿ ಸಾಲು. ಬರ್ನಡೀನ್ ಒಂದನ್ನು ಮುಟ್ಟಿದಳು; ತೇವದಿಂದ ಭಾರವಾಗಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು.

ಲೆನ್ನಿ ತನ್ನ ಕೈಗವಸನ್ನು ಶ್ರದ್ಧೆಯಿಂದ ಗಂಟು ಹಾಕಿದ. ಯಾರನ್ನು ನೆನೆಸಿಕೊಂಡ ಎಂದು ಕೇಳುವ ಅಗತ್ಯವಿರಲಿಲ್ಲ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಚೆನ್ನಾಗಿದೆ ಕಥೆ," ಎಂದ. "ಆದ್ರೂ ಎಂಥಾ ತಾಯಿ ನೋಡು. ನಮ್ಮಮ್ಮ ಇದೇ ಹಿಮದ ಮೇಲೆ ಗಂಡನಿಗೆ ಊಟ ಒಯ್ಯೋಕೆ ಹೋಗಿ ಪ್ರಾಣ ಬಿಟ್ಳು. ಈ ಚಿನಾಲಿ ಮಕ್ಕಳನ್ನ ಬಿಟ್ಟು ನಾವಿಕನ ಹಿಂದೆ ಹೋದ್ಳು. ಕಂಬಿಗೆ ಕಟ್ಟಿ ಪೂಜೆ ಮಾಡೋದು ಇವಳಿಗೆ."

"ಹಾಗನ್ಬೇಡ ಲೆನ್ನಿ."

"ಯಾಕೆ? ನಿಂಗೇನು ನೆಂಟಳಾ ಅವಳು?"

ಬರ್ನಡೀನ್ ತನ್ನ ಪಾಲಿನ ಕೈಗವಸನ್ನು ಕೋಟಿನ ಜೇಬಿಗೆ ತುರುಕಿಕೊಂಡು ಟ್ರಾಲಿ ಹತ್ತಿದಳು. ಹಿಂದಿರುಗುವ ದಾರಿಯಲ್ಲಿ ಲೆನ್ನಿ ಮೂಗು ಉಜ್ಜಿಕೊಂಡು ಹೇಳಿದ, "ತಮಾಷೆ ನೋಡು, ಅವನು ಸೂಪ್ ಅಂದಾಗ ನಂಗೆ ಏನೋ ಸೀದ ವಾಸನೆ ಬಂದಂಗಾಯ್ತು. ಬಾರ್ಲಿ ಸೀದಂಗೆ."

"ಬಸ್ಸಿನ ಬ್ರೇಕು," ಎಂದಳು ಬರ್ನಡೀನ್.

ಲೆನ್ನಿ ಬುಧವಾರ ವಿಮಾನ ಹತ್ತಿದ. ಟ್ರಾಲಿಯವನು ಹೇಳಿದ ಆ ಕಥೆಯನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳುತ್ತೇನೆ ಎಂದು ಹೇಳಿಯೇ ಹೋದ.

ಗುರುವಾರ ಮಧ್ಯಾಹ್ನ ಮರ್ಲೀನ್ ಎಂದಿನಂತೆ ಬಾಗಿಲು ತಟ್ಟದೆ ಒಳಗೆ ಬಂದಳು. ಒಂದು ಕೈಯಲ್ಲಿ ಬೇಕರಿಯಿಂದ ತಂದ, ಮಾಂಸದ ಹೂರಣದ ಬಿಸಿ ಬನ್ನುಗಳ ಪೊಟ್ಟಣ, ಇನ್ನೊಂದರಲ್ಲಿ ಕೆಂಪು ಉಣ್ಣೆಯ ಚೀಲ. "ಏನೇ, ತಮ್ಮ ಬಂದ ಅಂತ ನನ್ನೇ ಮರೆತ್ಯಾ? ಫೋನ್ ಎತ್ತಲ್ಲ, ಏನಿಲ್ಲ," ಎನ್ನುತ್ತ ಚೀಲವನ್ನು ಮೇಜಿನ ಮೇಲಿಟ್ಟಳು. ಮೇಜಿನ ನಡುವೆ ಒಂಟಿ ಕೈಗವಸೊಂದು ಮಲಗಿತ್ತು. ಅದರ ಕುತ್ತಿಗೆಗೆ ಟ್ರಾಲಿಯವರು ಕಟ್ಟಿಕೊಟ್ಟಿದ್ದ ನೂಲಿನ ಕುಣಿಕೆ ಹಾಗೇ ಇತ್ತು.

ಮರ್ಲೀನ್ ಅದನ್ನು ನೋಡಿದಳು. ಕೋಟು ಬಿಚ್ಚುತ್ತಿದ್ದವಳು ಒಂದು ತೋಳು ಒಳಗಿದ್ದ ಹಾಗೆಯೇ ನಿಂತಳು.

"ಮಂಗಳವಾರ ಹೋಗಿದ್ವಿ. ಲೆನ್ನಿ ಹಠ ಮಾಡ್ದ," ಎಂದಳು ಬರ್ನಡೀನ್. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಅರ್ಧ ಹೆಣೆದ ಕೈಗವಸು. "ಡ್ವೇನ್ ಚೆನ್ನಾಗಿ ಹೇಳ್ತಾನೆ. ಸೂಪಿನ ಹತ್ರ ಬಂದಾಗ ಎಲ್ರೂ ನಕ್ರು. ಲೆನ್ನೀನೂ ನಕ್ಕ."

"ಅಯ್ಯೋ ದೇವರೇ. ಬರ್ನಿ..."

"ನಿನ್ನ ಅಜ್ಜಿ ಹೇಳಿದ್ದಂತೆ."

"ನಿನ್ನ ಹೆಸ್ರು ಬರಬಾರ್ದು ಅಂತ ಹಾಗಂದೆ ಕಣೇ!" ಮರ್ಲೀನ್ ಕುರ್ಚಿಗೆ ಕುಸಿದಳು. "ಕೇಳು. ಒಂದಿನ ದಟ್ಟ ಮಂಜು. ದೀಪಸ್ತಂಭ ಕಾಣಲ್ಲ, ಹಡಗು ಕಾಣಲ್ಲ, ಏನು ತೋರಿಸ್ಲಿ ನಾನು? ಜನ ಆಕಳಿಸ್ತಾ ಕೂತಿದ್ರು, ಒಬ್ಬ ದುಡ್ಡು ವಾಪಸ್ ಕೇಳ್ದ. ದಕ್ಕೆ ಹತ್ರ ಬಂದ್ವಿ. ನೀನು ಅವತ್ತು ಕಾರಲ್ಲಿ ಹೇಳಿದ್ದು ನೆನಪಾಯ್ತು, ಬಾಯಿಗೆ ಬಂದ್ಬಿಡ್ತು. ಎಲ್ರೂ ಉಸಿರು ಹಿಡಿದು ಕೇಳಿದ್ರು ಬರ್ನಿ. ಒಬ್ಬಳು ಅತ್ಲು. ಮುಂದಿನ ವಾರ ಅದೇ ಕಥೆ ಕೇಳ್ಕೊಂಡು ಬಂದ್ರು. ಆಮೇಲೆ ಆಫೀಸಿನೋರು ಕೈಗವಸು ಅಂದ್ರು, ಬುಟ್ಟಿ ಅಂದ್ರು... ನಿಲ್ಲಿಸೋಕೆ ಆಗ್ಲಿಲ್ಲ ನಂಗೆ."

"ನಾವಿಕ ಎಲ್ಲಿಂದ ಬಂದ?"

"ಸುಮ್ನೆ ಹೋದ್ಳು ಅಂದ್ರೆ ಯಾರು ಒಪ್ತಾರೆ? ಯಾಕೆ ಹೋದ್ಳು ಅಂತ ಕೇಳ್ತಾರೆ. ಏನಾದ್ರೂ ಹೇಳ್ಬೇಕಲ್ಲ." ಮರ್ಲೀನಳ ದನಿ ಸ್ವಲ್ಪ ಗಟ್ಟಿಯಾಯಿತು. "ಯಾಕೆ ಅಂತ ನಿಂಗಾದ್ರೂ ಗೊತ್ತಾ?"

"ಇಲ್ಲ," ಎಂದಳು ಬರ್ನಡೀನ್. "ನಂಗೂ ಗೊತ್ತಿಲ್ಲ. ಗೊತ್ತಿಲ್ದೇನೇ ಇಟ್ಕೊಂಡಿದ್ದೆ ಇಷ್ಟು ವರ್ಷ. ನೀನು ಒಂದು ಮಧ್ಯಾಹ್ನಕ್ಕೆ ಉತ್ತರ ಹುಡುಕಿ ಅವಳನ್ನ ಹಾದರಗಿತ್ತಿ ಮಾಡ್ದೆ. ಅವಳ ಮಗ ಅವಳಿಗೇ ಚಿನಾಲಿ ಅಂದ, ನನ್ನೆದುರಿಗೆ."

"ಅವನಿಗೆ ಗೊತ್ತಿರ್ಲಿಲ್ವಲ್ಲ..."

"ನಿಂಗೆ ಗೊತ್ತಿತ್ತು."

ಒಲೆಯ ಮೇಲೆ ಕಾಫಿ ಪಾತ್ರೆ ಸದ್ದು ಮಾಡುತ್ತಿತ್ತು. ಇಬ್ಬರೂ ಏಳಲಿಲ್ಲ. ಮರ್ಲೀನ್ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು, "ಆ ಕಥೆ ಕೇಳಿ ತಾನೇ ನಾನು ಅವತ್ತು ಕಾರು ತಿರುಗಿಸಿದ್ದು. ನನ್ನ ಉಳಿಸಿದ್ದು ಅದೇ. ಬೇರೆಯವ್ರಿಗೂ ಹೇಳಿದ್ರೆ ಏನು ತಪ್ಪು ಅನ್ನಿಸ್ತು. ಯಾರಿಗೂ ಬೇಡವಾಗಿ ಮುಚ್ಚಿಟ್ಟಿದ್ದೆ ನೀನು. ಈಗ ನೋಡು, ಎಲ್ಲೆಲ್ಲಿಂದಲೋ ಬಂದು ಅವಳಿಗೆ ಕೈಗವಸು ಕಟ್ಟಿ ಹೋಗ್ತಾರೆ."

"ನಾನು ಹೆಣೆದಿದ್ದು ಮಕ್ಕಳಿಗೆ."

"ಮೊದಲ್ನೇ ವರ್ಷ ಕೊಟ್ಟೆ. ನಿಜವಾಗ್ಲೂ ಕೊಟ್ಟೆ. ಆಮೇಲೆ..."

"ಆ ಹುಡುಗಿ? ಹಾಕ್ಕೊಂಡೇ ಮಲಗ್ತಾಳೆ ಅಂದ್ಯಲ್ಲ?"

ಮರ್ಲೀನ್ ತಲೆ ತಗ್ಗಿಸಿದಳು.

"ಅವಳೂ ಇಲ್ವಾ?" ಎಂದಳು ಬರ್ನಡೀನ್. ಇಷ್ಟು ಹೊತ್ತು ನೆಟ್ಟಗಿದ್ದ ದನಿ ಇಲ್ಲಿ ಒಡೆಯಿತು. ಅಮ್ಮನ ಮಾತಿಗೆ ಬಾರದ ಅಳು, ಇಲ್ಲದ ಒಂದು ಹುಡುಗಿಗಾಗಿ ಬಂತು. ಅವಳು ಅದನ್ನು ತಡೆಯಲಿಲ್ಲ. ಕೆನ್ನೆಯ ಮೇಲೆ ಹರಿಯಲು ಬಿಟ್ಟು, ಮಡಿಲಲ್ಲಿದ್ದ ಹೆಣಿಗೆಯಿಂದ ಕಡ್ಡಿಗಳನ್ನು ಒಂದೊಂದಾಗಿ ಎಳೆದು ಮೇಜಿನ ಮೇಲೆ ಇಟ್ಟಳು. ಆಮೇಲೆ ನೂಲಿನ ತುದಿ ಹಿಡಿದು ಜಗ್ಗಿದಳು. ಒಂದು ಸಾಲು ಬಿಚ್ಚಿತು, ಅದರ ಕೆಳಗಿನದೂ ಬಿಚ್ಚಿತು.

ನೂಲು ಬಿಚ್ಚುವ ಸದ್ದಿಗೆ ಮರ್ಲೀನಳ ಎರಡೂ ಕೈ ತಾವಾಗಿಯೇ ಎದ್ದವು. ಎಷ್ಟೋ ವರ್ಷದ ಅಭ್ಯಾಸ. ಎದ್ದ ಮೇಲೆ ಅವಳಿಗೇ ನಾಚಿಕೆಯಾಗಿ ಇಳಿಸಲು ಹೋದಳು. ಬರ್ನಡೀನ್ ಬಿಡಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಸುಕ್ಕು ಸುಕ್ಕಾದ ಕೆಂಪು ನೂಲನ್ನು ಆ ಎರಡು ಕೈಗಳ ಸುತ್ತ ಸುತ್ತತೊಡಗಿದಳು. ಮೊದಲಿನ ಗುರುವಾರಗಳಲ್ಲಿ ಕೂರುತ್ತಿದ್ದ ಹಾಗೆಯೇ, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ. ಮಣಿಕಟ್ಟಿನ ಹತ್ತಿರ ಬಿಳಿ ಸಾಲು ಬಂದಾಗ ಅದನ್ನು ಕತ್ತರಿಸಿ ಬೇರ್ಪಡಿಸಿ ತನ್ನ ಬೆರಳಿಗೆ ಸುತ್ತಿಕೊಂಡಳು. ಉಳಿದ ಕೆಂಪನ್ನು ತುದಿಯವರೆಗೂ ಸುತ್ತಿ ಮುಗಿಸಿದಳು.

ಇನ್ನು ಉಂಡೆ ಕಟ್ಟುವುದು. ಮರ್ಲೀನ್ ಕಾದಳು. ಬರ್ನಡೀನ್ ಎದ್ದು ಗೆಳತಿಯ ಕೋಟನ್ನು ಭುಜದ ಮೇಲೆ ಸರಿಯಾಗಿ ಹೊದಿಸಿದಳು, ಉಣ್ಣೆಯ ಚೀಲವನ್ನು ಅವಳ ತೋಳಿಗೆ ನೇತುಹಾಕಿದಳು, ಹೋಗಿ ಬಾಗಿಲು ತೆರೆದು ಹಿಡಿದಳು.

"ಬರ್ನಿ, ಮುಂದಿನ ಗುರುವಾರ..."

"ಮೆಟ್ಲು ಜೋಪಾನ. ಒದ್ದೆ ಇದೆ."

ಬಾಗಿಲು ಮುಚ್ಚಿತು. ಬರ್ನಡೀನ್ ಕಾಫಿಯ ಒಲೆ ಆರಿಸಿ ಕಿಟಕಿಗೆ ಬಂದಳು. ಹೊರಗೆ ಸರೋವರದ ಕಡೆಯಿಂದ ಗಾಳಿ ಎದ್ದಿತ್ತು. ಮರ್ಲೀನ್ ಕಾರಿನ ಬಾಗಿಲ ಮುಂದೆ ನಿಂತಿದ್ದಳು, ಕೆಂಪು ನೂಲು ಸುತ್ತಿದ ಎರಡು ಕೈಗಳನ್ನು ಹಾಗೇ ಮುಂದೆ ಚಾಚಿಕೊಂಡು. ಕೈ ಸ್ವಲ್ಪ ಇಳಿಸಿದ್ದರೆ ಸಾಕಿತ್ತು, ನೂಲು ತಾನಾಗಿ ಜಾರಿ ಬೀಳುತ್ತಿತ್ತು. ಅವಳು ಇಳಿಸಲಿಲ್ಲ.